ಶಾಲೆಗೊಂದು ಸರ್ವರ್: ದುಡ್ಡು ಪೆಟ್ಟಿಗೆಗೋ, ಲೆಕ್ಕ ಉಳಿಸೋದಕ್ಕೋ?

ದಾವಣಗೆರೆ: 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪೆನಿ ವಿಂಡೋಸ್ 10ಕ್ಕೆ ಮಾಮೂಲು ಬೆಂಬಲ ನಿಲ್ಲಿಸಿತು. ಎಲ್ಲೋ ಅಮೆರಿಕದಲ್ಲಿ ಬಾಗಿಲು ಹಾಕಿದರೆ ನಮ್ಮ ಪಿ.ಬಿ. ರಸ್ತೆಯಲ್ಲಿ ಯಾಕೆ ಸದ್ದು ಅಂತ ಕೇಳಬಹುದು. ಸದ್ದು ಆಗೋದು ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ!

ಹತ್ತು ವರ್ಷದ ಹಿಂದೆ ಕೊಂಡ ಯಂತ್ರಗಳಿಗೆ ವಿಂಡೋಸ್ 11 ಹತ್ತುವುದಿಲ್ಲ. ಅದು ಕೇಳುವಂಥ ಪ್ರೊಸೆಸರ್ ಅವುಗಳಲ್ಲಿಲ್ಲ. ಎಸೆಯೋಕೆ ಮನಸ್ಸು ಬಾರದು, ಎಲ್ಲಾ ಹೊಸದು ಕೊಳ್ಳೋಕೆ ದುಡ್ಡು ಸಾಲದು. ಹಳೆಯವಕ್ಕೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ, ನಾಲ್ಕಾರು ಹೊಸ ವಿಂಡೋಸ್ ಯಂತ್ರ ತಂದು, ಹಳೇ ವಿದ್ಯಾರ್ಥಿ ಯಾರೋ ದಾನ ಕೊಟ್ಟ ಆಪಲ್ ಕಂಪ್ಯೂಟರನ್ನೂ ಪಕ್ಕದಲ್ಲಿಟ್ಟರೆ ಒಂದೇ ಕೋಣೆಯಲ್ಲಿ ಮೂರು ಥರದ ಯಂತ್ರ. ಇವೆಲ್ಲದರ ನಡುವೆ ಕೂತು ಕಡತ ಕಾಯುವ, ಹುಡುಗರ ಹೆಸರು ಪಾಸ್‌ವರ್ಡ್ ನೋಡಿ ಒಳಗೆ ಬಿಡುವ ಯಂತ್ರವೇ ಸರ್ವರ್. ಸಗಟು ಅಂಗಡಿಯ ಗುಮಾಸ್ತನೂ ಅದೇ, ಗೋಡೌನಿನ ಕಾವಲುಗಾರನೂ ಅದೇ.

ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದಿದ್ದು ನಿನ್ನೆ ಮೊನ್ನೆಯಲ್ಲ. 2001ರಲ್ಲಿ ಮಾಹಿತಿ ಸಿಂಧು, 2004ರ ಕೊನೆಯಲ್ಲಿ ಕೇಂದ್ರದ ಐಸಿಟಿ ಯೋಜನೆ, ಆಮೇಲೆ ಟಾಲ್ಪ್. ಹೆಸರು ಬದಲಾದ ಹಾಗೆ ಪೆಟ್ಟಿಗೆಗಳೂ ಬದಲಾದವು. ಅವಧಿ ಮುಗಿದ ಮೇಲೆ ನೋಡಿಕೊಳ್ಳುವ ಭಾರ ಮಾತ್ರ ಶಾಲೆಯ ತಲೆಗೆ. ಖಾಸಗಿ ಶಾಲೆಯಲ್ಲಾದರೆ ಆ ಭಾರ ಇಳಿಯೋದು ಫೀಸು ಕಟ್ಟುವ ತಂದೆ ತಾಯಿಯ ಜೇಬಿನ ಮೇಲೆ. ಹಾಗಾಗಿ ಕೊಟೇಶನ್ ಕಾಗದದಲ್ಲಿ ಏನಿರಬೇಕು ಅನ್ನೋದು ಆಡಳಿತ ಮಂಡಳಿಯವರು ಮಾತ್ರ ತಿಳಿದರೆ ಸಾಕಾಗುವ ಸಂಗತಿಯಲ್ಲ.

ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳೋದು ಪ್ರೊಸೆಸರ್ ಹೆಸರು. "ಇದು ಹದಿನಾರು ಕೋರ್ ಸಾರ್, ಹತ್ತು ವರ್ಷ ನೋಡೋ ಹಂಗಿಲ್ಲ" ಅಂತ ಶುರುವಾಗುತ್ತೆ. ನಲವತ್ತು ಮಕ್ಕಳ ಕಡತ ಹಂಚೋದಕ್ಕೆ, ಪಾಸ್‌ವರ್ಡ್ ನೋಡೋದಕ್ಕೆ ಅಂಥ ರಾಕ್ಷಸ ಬೇಕಿಲ್ಲ. ಹರಿಹರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1941ರಲ್ಲಿ ಶುರುವಾಗಿ ಈಗ ಬಾಗಿಲು ಮುಚ್ಚಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳ ಮೇಲೆ ಕೈ ಪಳಗಿಸಿದ ಊರು ಅದು. ಸಣ್ಣ ಬೋಲ್ಟು ಕಡೆಯೋಕೆ ದೊಡ್ಡ ಲೇತ್ ಕೊಳ್ಳೋನಿಗೆ ಅಲ್ಲಿ ಏನಂತಾರೆ ಅಂತ ಅವರನ್ನೇ ಕೇಳಿ. ನಾಲ್ಕೋ ಆರೋ ಕೋರ್ ಇರುವ ಸಾಧಾರಣ ಟವರ್ ಸರ್ವರ್, 16 ಜಿಬಿ ಇಸಿಸಿ ಮೆಮೊರಿ ಇಷ್ಟಿದ್ದರೆ ಧಾರಾಳ. ಇಸಿಸಿ ಅಂದ್ರೆ ಲೆಕ್ಕದಲ್ಲಿ ಒಂದು ಬಿಟ್ ತಪ್ಪಿದರೆ ತಾನೇ ತಿದ್ದಿಕೊಳ್ಳುವ ಮೆಮೊರಿ. ವರ್ಷವಿಡೀ ಆರದೆ ಓಡುವ ಯಂತ್ರಕ್ಕೆ ಅದು ಬೇಕು. ಹತ್ತು ಹನ್ನೆರಡೇ ಕಂಪ್ಯೂಟರ್ ಇರುವ ಶಾಲೆಗೆ ಸರ್ವರೇ ಬೇಡ, ಎರಡು ಡಿಸ್ಕಿನ ಸಣ್ಣ ನ್ಯಾಸ್ ಪೆಟ್ಟಿಗೆ ಸಾಕು. ಇದನ್ನು ಮಾರೋನು ಹೇಳೋದಿಲ್ಲ ಬಿಡಿ.

ಎಸ್‌ಪಿ ರೋಡಿನ ಅಗ್ಗದ ಮಾಲು

ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದರೆ ದೊಡ್ಡ ಕಂಪೆನಿಗಳು ಬಿಸಾಕಿದ ರ‍್ಯಾಕ್ ಸರ್ವರ್‌ಗಳು ಸಿಗುತ್ತವೆ. ಒಂದು ಕಾಲಕ್ಕೆ ಲಕ್ಷಗಟ್ಟಲೆ ಬಾಳಿದ ಮಾಲು ಕಡಿಮೆ ದುಡ್ಡಿಗೆ ಅಂದಾಗ ಯಾರಿಗೆ ಆಸೆಯಾಗೋಲ್ಲ? ಆದರೆ ಅದು ಹುಟ್ಟಿದ್ದು ಎ.ಸಿ. ಕೋಣೆಗೆ. ಅದರ ಫ್ಯಾನಿನ ಅಬ್ಬರಕ್ಕೆ ಪಕ್ಕದ ಕೋಣೆಯಲ್ಲಿ ಪಾಠ ಮಾಡೋದು ಕಷ್ಟ. ಕರೆಂಟಿನ ಲೆಕ್ಕ ನೋಡಿ: 100 ವ್ಯಾಟ್ ಎಳೆಯುವ ಯಂತ್ರ ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72 ಯೂನಿಟ್ ತಿನ್ನುತ್ತೆ. 200 ವ್ಯಾಟಿನದಾದರೆ 144. ಬೆಸ್ಕಾಂ ಬಿಲ್ಲು ಪ್ರತಿ ತಿಂಗಳೂ ಬರುತ್ತೆ, ಅಗ್ಗದ ಖುಷಿ ಒಂದೇ ದಿನ. ಕೆಟ್ಟರೆ ಭಾಗ ಬರಬೇಕಾದ್ದು 260 ಕಿಲೋಮೀಟರ್ ಆಚೆಯ ಬೆಂಗಳೂರಿಂದ. ಅಂಕಪಟ್ಟಿ ಬೇಕಾದ ವಾರದಲ್ಲಿ ಅದಕ್ಕಾಗಿ ಬಸ್ಸು ಕಾಯುತ್ತಾ ಕೂರೋರು ಯಾರು? ಹೊಸದೇ ಕೊಂಡರೂ, ರಿಪೇರಿಯವರು ಶಾಲೆಗೇ ಬರುವ ವಾರಂಟಿ ಇದೆಯಾ, ಹರಿಹರಕ್ಕೂ ಬರುತ್ತಾರಾ ಅಂತ ಕೇಳಿ ಬರೆಸಿಕೊಳ್ಳಬೇಕು. ಹದಿನಾಲ್ಕು ಕಿಲೋಮೀಟರಿಗೆ ರಾಗ ಎಳೆಯೋರೂ ಇರ್ತಾರೆ.

ಸರ್ವರ್ ನಿಧಾನ ಅಂತ ಬೈಸಿಕೊಳ್ಳೋದು ಎಷ್ಟೋ ಸಲ ಅದರ ತಪ್ಪಿಗಲ್ಲ, ನಡುವೆ ಇರುವ ಹಳೇ ಸ್ವಿಚ್ಚಿನ ತಪ್ಪಿಗೆ. ನಲವತ್ತು ಮಕ್ಕಳು ಒಟ್ಟಿಗೆ 50 ಎಂಬಿಯ ಒಂದು ಪಾಠ ತೆಗೆದರೆ 2,000 ಎಂಬಿ. ಸರ್ವರಿಗೆ ಹೋಗುವ ತಂತಿ 100 ಮೆಗಾಬಿಟ್ಟಿನದಾದರೆ ಸುಮಾರು ಮೂರು ನಿಮಿಷ. ಗಿಗಾಬಿಟ್ ಸ್ವಿಚ್ ಹಾಕಿದರೆ ಇಪ್ಪತ್ತು ಸೆಕೆಂಡಿನ ಆಸುಪಾಸು. ಪ್ರೊಸೆಸರಿನಲ್ಲಿ ಉಳಿಸಿದ ದುಡ್ಡು ಇಲ್ಲಿಗೆ ಹೋಗಲಿ.

ಅದಕ್ಕಿಂತ ಹೆಚ್ಚಾಗಿ ಡಿಸ್ಕಿಗೆ ಹೋಗಲಿ. ಎಸ್ಸೆಸ್ಸೆಲ್ಸಿ ಮಕ್ಕಳ ಆಂತರಿಕ ಅಂಕ, ಫೀಸಿನ ಲೆಕ್ಕ, ವರ್ಷಗಟ್ಟಲೆ ಕೂಡಿಸಿದ ಪ್ರಶ್ನೆಪತ್ರಿಕೆ ಎಲ್ಲಾ ಅಲ್ಲೇ ಇರೋದು. ಯಂತ್ರ ಸುಟ್ಟರೆ ಇನ್ನೊಂದು ಬರುತ್ತೆ, ಅಂಕ ಅಳಿಸಿದರೆ ಮೇಷ್ಟ್ರು ಎಲ್ಲಿಂದ ತರಬೇಕು? ಅದಕ್ಕೇ ಎರಡು ಡಿಸ್ಕ್: ಒಂದರಲ್ಲಿ ಬರೆದದ್ದು ಆ ಕ್ಷಣವೇ ಇನ್ನೊಂದರಲ್ಲೂ ಬರೆಯುತ್ತೆ. ಇದಕ್ಕೆ ರೇಡ್ ಒನ್ ಅಂತಾರೆ. ಇದಿದ್ದರೆ ಬ್ಯಾಕಪ್ ಯಾಕೆ ಅಂತ ಕೇಳೋರಿದ್ದಾರೆ. ಗುಮಾಸ್ತ ಖಾತೆ ಪುಸ್ತಕದ ಹಾಳೆ ಹರಿದರೆ ಎರಡನೇ ಪ್ರತಿಯಲ್ಲೂ ಅದೇ ಕ್ಷಣ ಹಾಳೆ ಹರಿಯುವಂಥ ಏರ್ಪಾಡು ಇದು! ಯಾರೋ ತಪ್ಪಿ ಅಳಿಸಿದರೆ, ವೈರಸ್ ಬಂದು ಬೀಗ ಹಾಕಿದರೆ ಎರಡೂ ಡಿಸ್ಕಿನಲ್ಲಿ ಹೋಯಿತು. ಆದ್ದರಿಂದ ಹೊರಗಿನ ಡಿಸ್ಕ್ ಎರಡು ಬೇರೆ ಬೇಕು. ವಾರಕ್ಕೊಂದರಂತೆ ಪ್ರತಿ ತೆಗೆದು, ಒಂದು ಶಾಲೆಯ ಬೀರುವಿನಲ್ಲಿ, ಇನ್ನೊಂದು ಶಾಲೆಯ ಹೊರಗೆ ಎಲ್ಲಾದರೂ ಭದ್ರವಾಗಿ.

ಯುಪಿಎಸ್ ವಿಷಯ ಚಿಕ್ಕದು. ಅದರಿಂದ ಸರ್ವರಿಗೆ ಯುಎಸ್‌ಬಿ ತಂತಿ ಹಾಕಿ ಹೊಂದಿಸಿರಬೇಕು. ಬ್ಯಾಟರಿ ಮುಗಿಯೋ ಮೊದಲು ಸರ್ವರ್ ತಾನೇ ಮುಚ್ಚಿಕೊಳ್ಳುತ್ತೆ. ಆ ತಂತಿ ಇಲ್ಲಾಂದ್ರೆ ರಾತ್ರಿ ಕರೆಂಟ್ ಹೋದಾಗ ನೋಡೋರ‍್ಯಾರು?

ಮೂರು ಥರದ ಯಂತ್ರಕ್ಕೆ ಒಂದೇ ಮಾತು ಹೇಗೆ? ಇದಕ್ಕೆ ದಾರಿ ಮಾಡಿದವನು ಆಸ್ಟ್ರೇಲಿಯಾದ ಆಂಡ್ರೂ ಟ್ರಿಜೆಲ್. ಕ್ಯಾನ್‌ಬೆರಾದಲ್ಲಿ ಓದುತ್ತಿದ್ದಾಗ ಶುರು ಮಾಡಿ 1992ರಲ್ಲಿ ಹೊರಬಿಟ್ಟ ತಂತ್ರಾಂಶ ಮುಂದೆ ಸಾಂಬಾ ಅಂತ ಹೆಸರಾಯಿತು. ಲಿನಕ್ಸ್ ಸರ್ವರ್ ವಿಂಡೋಸಿನ ಭಾಷೆಯಲ್ಲೇ ಮಾತಾಡುವ ಹಾಗೆ ಅದು ಮಾಡುತ್ತೆ. ಆಪಲ್ಲಿಗೂ ಆ ಭಾಷೆ ಬರುತ್ತೆ. ಪುಕ್ಕಟೆ. ವಿಂಡೋಸ್ ಸರ್ವರೇ ಬೇಕು ಅನ್ನೋರು ತಂತ್ರಾಂಶದ ಬೆಲೆ ಮಾತ್ರ ಕೇಳಿ ಸುಮ್ಮನಾಗಬಾರದು. ಅದರ ಮಾಮೂಲು ಆವೃತ್ತಿಗೆ ಬಳಸುವವರ ತಲೆಗೋ ಯಂತ್ರಕ್ಕೋ ಒಂದೊಂದು ಪರವಾನಗಿ ಬೇರೆ ಕೊಳ್ಳಬೇಕು. ಪುಕ್ಕಟೆಯದಕ್ಕೂ ಒಂದು ಬೆಲೆ ಇದೆ: ಅದನ್ನು ಬಲ್ಲ ಒಬ್ಬ ಮೇಷ್ಟ್ರು ಶಾಲೆಯಲ್ಲಿರಬೇಕು, ಅವರಿಗೆ ವರ್ಗವಾದರೆ ಇನ್ನೊಬ್ಬರು ಕಲಿತಿರಬೇಕು.

ಎಷ್ಟೇ ದುಬಾರಿ ಸರ್ವರಾದರೂ ಬಗೆಹರಿಸದ ತೊಡಕೂ ಒಂದಿದೆ. ಹಳೇ ನುಡಿ, ಬರಹ ಫಾಂಟಿನಲ್ಲಿ ಹೊಡೆದ ಪ್ರಶ್ನೆಪತ್ರಿಕೆಯನ್ನು ಆ ಫಾಂಟ್ ಇಲ್ಲದ ಲಿನಕ್ಸ್ ಯಂತ್ರದಲ್ಲಿ ತೆಗೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರದ ಗೊಜ್ಜು ಕಾಣುತ್ತೆ. ಸರ್ವರ್ ಕೆಟ್ಟಿದೆ ಅಂತ ಹುಯಿಲೆಬ್ಬಿಸಬೇಡಿ. ಕಡತಗಳನ್ನು ಯೂನಿಕೋಡಿಗೆ ಬದಲಾಯಿಸಿಕೊಂಡೇ ಹೊಸ ಯಂತ್ರಕ್ಕೆ ಏರಿಸಬೇಕು.

ಕೊನೆಗೆ ಪರೀಕ್ಷೆ. ದುಡ್ಡು ಕೊಡೋ ಮುಂಚೆ ಮಾರಿದವರನ್ನು ಶಾಲೆಗೇ ಕರೆಸಿ, ಒಬ್ಬ ಹುಡುಗನ ಒಂದೇ ಹೆಸರಿನಲ್ಲಿ ಲಿನಕ್ಸ್, ವಿಂಡೋಸ್, ಆಪಲ್ ಮೂರರಿಂದಲೂ ಒಳಗೆ ಹೋಗಿ ಒಂದೇ ಕಡತ ತೆಗೆಸಬೇಕು. ಆಮೇಲೆ ಸರ್ವರ್ ಆರಿಸಿ, ಒಂದು ಡಿಸ್ಕ್ ಹೊರಗೆ ತೆಗೆದು, ಮತ್ತೆ ಹೊತ್ತಿಸಿ ಆ ಕಡತ ಇನ್ನೂ ಇದೆಯಾ ನೋಡಬೇಕು. ತೆಗೆದ ಡಿಸ್ಕ್ ಮತ್ತೆ ಹಾಕಿದರೆ ಜೋಡಿಯಾಗೋಕೆ ಕೆಲವು ಗಂಟೆ ಹಿಡಿಯಬಹುದು. ಚೆಕ್ಕಿಗೆ ಸಹಿ ಅದು ಮುಗಿದ ಮೇಲೆ.