‘ಸಿಹಿ’ ಪದದ ಅರ್ಥ ಮತ್ತು ಪ್ರಯೋಗ: ವರ್ಣನೆಯೋ ವರ್ಗೀಕರಣವೋ?

ಸಾರಾಂಶ: ‘ಸಿಹಿ’ ಪದವು ಇನ್ನೊಂದು ನಾಮಪದದೊಡನೆ ಸಮಾಸಗೊಂಡಾಗ ರುಚಿಯನ್ನು ವರ್ಣಿಸುವುದಕ್ಕಿಂತ ಮುಖ್ಯವಾಗಿ ವಸ್ತುವಿನ ಬಗೆಯನ್ನು ಗುರುತಿಸುತ್ತದೆ, ವರ್ಣನೆಯ ಕೆಲಸವನ್ನು ‘ಸಿಹಿಯಾದ’ ಎಂಬ ರೂಪ ನಿರ್ವಹಿಸುತ್ತದೆ. ನಿಘಂಟುಗಳು ಈ ಭೇದವನ್ನು ದಾಖಲಿಸಬೇಕೆಂಬುದು ಲೇಖನದ ವಾದ.

1. ಪದವರ್ಗ

ಶಾಲಾವ್ಯಾಕರಣಗಳಲ್ಲಿ ‘ಸಿಹಿ’ ಗುಣವಾಚಕ. ಆದರೆ ‘ಹೊಸ’, ‘ದೊಡ್ಡ’ ಮುಂತಾದವು ವಿಭಕ್ತಿಪ್ರತ್ಯಯ ಪಡೆಯುವ ಮೊದಲು ‘ಹೊಸದು’, ‘ದೊಡ್ಡದು’ ಎಂದಾಗಬೇಕು. ‘ಸಿಹಿ’ಗೆ ಈ ನಿರ್ಬಂಧವಿಲ್ಲ: ‘ಸಿಹಿಯನ್ನು ಹಂಚಿದರು’, ‘ಕಾಫಿಗೆ ಸಿಹಿ ಸಾಲದು’. ಮೊದಲ ವಾಕ್ಯದಲ್ಲಿ ಅದು ತಿನಿಸು, ಎರಡನೆಯದರಲ್ಲಿ ರುಚಿ. ರೂಪದ ದೃಷ್ಟಿಯಿಂದ ಇದು ನಾಮಪದವೇ. ವಿಶೇಷಣತ್ವ ಅದಕ್ಕೆ ವಾಕ್ಯದಲ್ಲಿನ ಸ್ಥಾನದಿಂದ ಒದಗುತ್ತದೆ. ವಿಶೇಷಣವೆಂಬ ವರ್ಗವನ್ನು ಗುರುತಿಸುವ ಮಾನದಂಡಗಳನ್ನು ಡಿ. ಎನ್. ಶಂಕರ ಭಟ್ಟರು 1994ರ ತಮ್ಮ ಇಂಗ್ಲಿಷ್ ಗ್ರಂಥದಲ್ಲಿ ವಿಸ್ತಾರವಾಗಿ ಚರ್ಚಿಸಿದ್ದಾರೆ.

2. ಎರಡು ರಚನೆಗಳು

ಈ ವಾಕ್ಯಗಳನ್ನು ಗಮನಿಸಬಹುದು:

(1) ಈ ಸಿಹಿಗುಂಬಳ ಸಿಹಿಯಾಗಿಲ್ಲ.
(2) *ಈ ಸಿಹಿಯಾದ ಕುಂಬಳ ಸಿಹಿಯಾಗಿಲ್ಲ.

(1)ರಲ್ಲಿ ವಿರೋಧವಿಲ್ಲ, (2) ಅರ್ಥದ ನೆಲೆಯಲ್ಲಿ ತನ್ನನ್ನೇ ಅಲ್ಲಗಳೆಯುತ್ತದೆ. ‘ಸಿಹಿಗುಂಬಳ’ ಬೂದುಗುಂಬಳದಿಂದ ಬೇರೆಯಾದ ಒಂದು ಬಗೆಯ ಹೆಸರು. ಕೈಯಲ್ಲಿರುವ ಕಾಯಿಯ ರುಚಿ ಹೇಗಿದ್ದರೂ ಆ ಹೆಸರು ಬದಲಾಗದು. ಧ್ವನಿರೂಪವೂ ಇದಕ್ಕೆ ಸಾಕ್ಷಿ. ‘ಸಿಹಿಗುಂಬಳ’, ‘ಸಿಹಿಗಡುಬು’ಗಳಲ್ಲಿ ಸಮಾಸಕ್ಕೆ ಸಹಜವಾದ ಆದೇಶಸಂಧಿಯಿಂದ ಕಕಾರ ಗಕಾರವಾಗಿದೆ; ‘ಸಿಹಿಯಾದ ಕುಂಬಳ’ದಲ್ಲಿ ಆಗಿಲ್ಲ. ‘ಸಿಹಿ ಹಣ್ಣು’ ಎಂಬಂತಹವು ನಡುವೆ ನಿಲ್ಲುತ್ತವೆ: ‘ತುಂಬ ಸಿಹಿ ಹಣ್ಣು’ ಎಂಬ ಆಡುಮಾತಿನ ಪ್ರಯೋಗದಲ್ಲಿ ಅದು ವರ್ಣನೆಯೇ. ಆದ್ದರಿಂದ ಭೇದವನ್ನು ನಿರ್ಧರಿಸುವುದು ‘ಆದ’ ಇಲ್ಲದಿರುವುದಷ್ಟೇ ಅಲ್ಲ, ಸಮಾಸವಾಗಿ ನೆಲೆಗೊಂಡಿರುವುದು.

3. ವಿರೋಧಪದದಿಂದ ಅರ್ಥ

ಸಿಹಿನೀರಿನಲ್ಲಿ ಸಕ್ಕರೆಯಿಲ್ಲ, ಸಿಹಿಮೊಸರಿನಲ್ಲಿಯೂ ಇರಬೇಕಾಗಿಲ್ಲ. ಮೊದಲನೆಯದು ಉಪ್ಪುನೀರಲ್ಲದ್ದು, ಎರಡನೆಯದು ಹುಳಿಯಾಗದ್ದು. ಇಲ್ಲಿ ‘ಸಿಹಿ’ ಎಂದರೆ ಆಯಾ ವಸ್ತುವಿನಲ್ಲಿ ಬೇಡವಾದ ರುಚಿಯ ಅಭಾವ. ಆ ರುಚಿ ಯಾವುದೆಂಬುದನ್ನು ಉತ್ತರಪದ ನಿರ್ಧರಿಸುತ್ತದೆ. ಬಾವಿ ತೋಡಿದವರು ‘ನೀರು ಸಿಹಿಯಾಗಿದೆ’ ಎಂದಾಗಲೂ ಕೇಳುಗರು ಗ್ರಹಿಸುವುದು ಸವುಳಿಲ್ಲವೆಂಬುದನ್ನೇ. ಅಂದರೆ ಈ ಅರ್ಥ ಸಮಾಸದಿಂದಾಚೆಗೂ ಹರಡಬಲ್ಲದು.

ನೆರೆಭಾಷೆಗಳ ಹೋಲಿಕೆ ಇದನ್ನು ಸ್ಪಷ್ಟಪಡಿಸುತ್ತದೆ. ಕನ್ನಡದ ‘ಸೀ’, ‘ಸಿಹಿ’ಗಳಿಗೆ ತೆಲುಗಿನ ‘ತೀಪಿ’, ತಮಿಳಿನ ‘ತೀಂ’ ಜ್ಞಾತಿಪದಗಳು. ಆದರೆ ಕನ್ನಡವು ‘ಸಿಹಿನೀರು’, ‘ಸೀನೀರು’ ಎನ್ನುವಲ್ಲಿ ತೆಲುಗು ‘ಮಂಚಿನೀಳ್ಳು’, ತಮಿಳು ‘ನನ್ನೀರ್’ ಎನ್ನುತ್ತವೆ. ಎರಡರಲ್ಲಿಯೂ ಪೂರ್ವಪದದ ಅರ್ಥ ‘ಒಳ್ಳೆಯ’ ಎಂದು. ಹಿಂದಿಯ ‘ಮೀಠಾ ಪಾನಿ’ ಮಾತ್ರ ಕನ್ನಡದ ದಾರಿಯನ್ನೇ ಹಿಡಿದಿದೆ. ಆದ್ದರಿಂದ ಈ ಅರ್ಥವಿಸ್ತಾರವನ್ನು ಜ್ಞಾತಿಸಂಬಂಧವೊಂದರಿಂದಲೇ ವಿವರಿಸಲಾಗದು.

4. ಉಪಸಂಹಾರ

‘ಸಿಹಿ: ಸಕ್ಕರೆಯಂತಹ ರುಚಿಯುಳ್ಳ’ ಎಂಬಷ್ಟೇ ವಿವರಣೆಯನ್ನು ನಂಬಿದ ಅನುವಾದಕನಿಗೆ ಸಿಹಿನೀರಿನ ಮೀನು ಪಾಕದಲ್ಲಿ ಈಜುವಂತೆ ಕಂಡೀತು. ನಿಘಂಟು ಪ್ರತಿ ಸಮಾಸದೊಡನೆ ಅದರ ವಿರೋಧಪದವನ್ನೂ ಕೊಡುವುದು ಅಗತ್ಯ: ಸಿಹಿನೀರು–ಉಪ್ಪುನೀರು, ಸಿಹಿಮೊಸರು–ಹುಳಿಮೊಸರು, ಸಿಹಿಗುಂಬಳ–ಬೂದುಗುಂಬಳ. ಕೊನೆಯ ಜೋಡಿಯಲ್ಲಿ ಎದುರಾಗಿರುವುದು ರುಚಿಯಲ್ಲ, ಸಿಪ್ಪೆಯ ಮೇಲಿನ ಬೂದಿಯಂತಹ ಲೇಪ. ವರ್ಗೀಕರಣದಲ್ಲಿ ‘ಸಿಹಿ’ ರುಚಿಯ ಕ್ಷೇತ್ರವನ್ನೇ ದಾಟಬಲ್ಲುದು ಎಂಬುದಕ್ಕೆ ಅದೇ ನಿದರ್ಶನ.