ನಿಮಗಿದು ಗೊತ್ತೆ? ರೇಡಾರ್ ಗನ್‌ಗೂ ಮುದ್ರೆ ಬೇಕು
ರಾಜಾಜಿನಗರದ ಕಾರ್ಡ್ ರಸ್ತೆಯಲ್ಲೋ ಕೆಂಗೇರಿ ಬಳಿ ಮೈಸೂರು ರಸ್ತೆಯಲ್ಲೋ ಅತಿವೇಗವೆಂದು ಚಲನ್ ಬಂದರೆ ದಂಡ ಕಟ್ಟುವುದೊಂದೇ ದಾರಿಯಲ್ಲ, ಪ್ರಶ್ನಿಸಲೂಬಹುದು. ‘ಗಾಡಿ ಜೋರಾಗಿ ಬಂತು’ ಎಂಬ ಒಬ್ಬ ಸಾಕ್ಷಿಯ ಬರೀ ಅಂದಾಜಿನ ಮೇಲೆ ಶಿಕ್ಷಿಸುವಂತಿಲ್ಲ, ಅದಕ್ಕೆ ಉಪಕರಣದ ಅಳತೆ ಆಧಾರವಾಗಿರಬೇಕು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 183ನೇ ಸೆಕ್ಷನ್. ಆ ಉಪಕರಣಕ್ಕೂ ಲೆಕ್ಕ ಕೇಳುವವರಿದ್ದಾರೆ. 2021ರಲ್ಲಿ ಬಂದ ಕೇಂದ್ರ ನಿಯಮ 167ಎ ಅದಕ್ಕೆ ವರ್ಷವರ್ಷ ನವೀಕರಿಸಿದ ಪ್ರಮಾಣಪತ್ರ ಬೇಕೆಂದಿತು. 2025ರ ಜುಲೈ 1ರಿಂದ ವೇಗ ಅಳೆಯುವ ರೇಡಾರ್ ಗನ್‌ಗೂ, ಅಂಗಡಿಯ ತಕ್ಕಡಿಯಂತೆ, ಕಾನೂನು ಮಾಪನಶಾಸ್ತ್ರದ ಪರಿಶೀಲನೆ, ಮುದ್ರೆ ಕಡ್ಡಾಯ. ಚಲನ್ ಬಂದೊಡನೆ ಫೋಟೊ ನೋಡಿ: ನಂಬರ್ ಪ್ಲೇಟ್ ನಿಮ್ಮದೇನಾ? ಜಾಗ, ಹೊತ್ತು ಸರಿಯಿದೆಯಾ? ರೇಡಾರ್ ಓರೆಯಾಗಿ ಹಿಡಿದಿದ್ದರು ಎಂಬ ವಾದ ಮಾತ್ರ ನಿಲ್ಲದು. ಓರೆಯಾದಷ್ಟೂ ಅದು ಸಾಮಾನ್ಯವಾಗಿ ನಿಜಕ್ಕಿಂತ ಕಡಿಮೆ ವೇಗವನ್ನೇ ತೋರಿಸುತ್ತದೆ.