ಅರ್ಧ ಸೆಕೆಂಡಿನ ಬೆಲೆ

ಫುಟ್‌ಬಾಲ್ ಎಂದೊಡನೆ ನಮ್ಮ ವಾಚಕರಿಗೆ ಕಾಲಿನಿಂದ ಒದೆಯುವ ಚೆಂಡಾಟವು ನೆನಪಿಗೆ ಬರುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಇದೇ ಹೆಸರಿನಿಂದ ಕರೆಯುವ ಆಟವು ಬೇರೆಯೇ ಆಗಿದೆ. ಅಲ್ಲಿನ ಚೆಂಡು ಎರಡು ತುದಿಗಳಲ್ಲಿಯೂ ಚೂಪಾಗಿರುತ್ತದೆ. ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಇಲ್ಲವೆ ಕೈಯಿಂದಲೇ ಎಸೆಯುತ್ತಾರೆ. ಒಂದೊಂದು ಪಕ್ಷದಲ್ಲಿ ಹನ್ನೊಂದು ಮಂದಿ ಕಣಕ್ಕಿಳಿಯುತ್ತಾರೆ. ಒಂದು ಪಕ್ಷವು ಚೆಂಡನ್ನು ಮುಂದಕ್ಕೆ ಒಯ್ಯಲು ಹೆಣಗುತ್ತದೆ, ಇನ್ನೊಂದು ಅದನ್ನು ತಡೆಯುತ್ತದೆ. ದಾಳಿಗೆ ಬೇರೆ ಆಟಗಾರರು, ರಕ್ಷಣೆಗೆ ಬೇರೆ ಆಟಗಾರರು ಇರುವುದು ಈ ಆಟದ ವೈಶಿಷ್ಟ್ಯ.

ಪ್ರತಿ ವರ್ಷವೂ ಏಪ್ರಿಲ್ ತಿಂಗಳ ಸುಮಾರಿಗೆ ನ್ಯಾಷನಲ್ ಫುಟ್‌ಬಾಲ್ ಲೀಗಿಗೆ ಸೇರಿದ 32 ತಂಡಗಳು ಕಾಲೇಜುಗಳಿಂದ ಹೊರಬರುವ ತರುಣ ಆಟಗಾರರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಫಿಲಡೆಲ್ಫಿಯ ಈಗಲ್ಸ್ ತಂಡದ ಬರ್ಟ್ ಬೆಲ್ ಎಂಬವರು 1935ರಲ್ಲಿ ಸೂಚಿಸಿದ ಈ ಪದ್ಧತಿಯು 1936ರಲ್ಲಿ ಆಚರಣೆಗೆ ಬಂದಿತು. ಹಿಂದಿನ ವರ್ಷ ಎಲ್ಲರಿಗಿಂತಲೂ ಹೆಚ್ಚಾಗಿ ಸೋತ ತಂಡಕ್ಕೆ ಮೊದಲ ಸರದಿ ದೊರೆಯುತ್ತದೆ. ಬಡವನಿಗೆ ಮೊದಲು ಬಡಿಸಬೇಕೆಂಬ ಈ ನಿಯಮವು ನ್ಯಾಯವಾದದ್ದೇ. ಆದರೆ ಹಸಿದವನು ಎಲೆಯ ಮುಂದೆ ಕುಳಿತು ಯಾವುದನ್ನು ಮೊದಲು ಕೇಳಬೇಕು? ಡ್ರಾಫ್ಟಿಗೆ ಮುಂಚಿನ ತಿಂಗಳುಗಳಲ್ಲಿ ಅಮೆರಿಕದ ಊರೂರುಗಳಲ್ಲಿ ನಡೆಯುವ ವಾದವಿವಾದವೆಲ್ಲ ಈ ಒಂದು ಪ್ರಶ್ನೆಯನ್ನು ಕುರಿತದ್ದಾಗಿದೆ. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಇದರಲ್ಲಿ ಆಟಕ್ಕಿಂತ ಹೆಚ್ಚಿನದೇನೋ ಇದೆಯೆಂದು ತೋರುತ್ತದೆ. ಪ್ರಸಿದ್ಧವಾದ ಒಂದು ಪ್ರಸಂಗವನ್ನು ತೆಗೆದುಕೊಂಡು ವಿಚಾರ ಮಾಡೋಣ.

ಹ್ಯೂಸ್ಟನ್ನಿನ ಇಕ್ಕಟ್ಟು

ಟೆಕ್ಸಸ್ ಸಂಸ್ಥಾನದ ಹ್ಯೂಸ್ಟನ್ ಟೆಕ್ಸನ್ಸ್ ತಂಡವು 2002ರಲ್ಲಿ ಆಟಕ್ಕಿಳಿಯಿತು. 2005ರಲ್ಲಿ ಅದು ಆಡಿದ 16 ಪಂದ್ಯಗಳಲ್ಲಿ ಗೆದ್ದದ್ದು ಎರಡೇ ಎರಡು. ಎದುರಾಳಿಗಳಿಗೆ ಅದು ಬಿಟ್ಟುಕೊಟ್ಟ ಅಂಕಗಳು 431. ಆದುದರಿಂದ 2006ರ ಡ್ರಾಫ್ಟಿನಲ್ಲಿ ಮೊದಲ ಸರದಿಯು ಅದರದಾಯಿತು.

ಆ ವರ್ಷ ಜನರ ಬಾಯಲ್ಲಿದ್ದ ಹೆಸರುಗಳು ಎರಡು. ಒಬ್ಬನು ರೆಜಿ ಬುಷ್, 2005ರ ಹೈಸ್ಮನ್ ಪ್ರಶಸ್ತಿಯನ್ನು ಪಡೆದ ಮಿಂಚಿನಂತಹ ಓಟಗಾರ. ಇನ್ನೊಬ್ಬನು ವಿನ್ಸ್ ಯಂಗ್, ಹ್ಯೂಸ್ಟನ್ನಿನಲ್ಲಿಯೇ ಬೆಳೆದ ಕ್ವಾರ್ಟರ್‌ಬ್ಯಾಕ್. ದಾಳಿಯ ಪಕ್ಷದಲ್ಲಿ ಚೆಂಡನ್ನು ಎಸೆಯುವ ಸೂತ್ರಧಾರನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ತಂಡದ ಆಡಳಿತಗಾರರು ಇವರಿಬ್ಬರನ್ನೂ ಬಿಟ್ಟು, ಉತ್ತರ ಕೆರೊಲಿನ ಸ್ಟೇಟ್ ವಿಶ್ವವಿದ್ಯಾಲಯದ ಮಾರಿಯೊ ವಿಲಿಯಮ್ಸ್ ಎಂಬ ರಕ್ಷಕನನ್ನು ಆರಿಸಿದರು. ಅಭಿಮಾನಿಗಳಲ್ಲಿ ಬಹುಮಂದಿ ಸಿಡಿದೆದ್ದರು. ಇನ್ನೂ ಒಂದು ಪಂದ್ಯವನ್ನೂ ಆಡದಿದ್ದ ತರುಣನೊಬ್ಬನು ತನ್ನ ಹೊಸ ಊರಿನ ಧಿಕ್ಕಾರವನ್ನು ಕೇಳಬೇಕಾಯಿತು.

ಈ ಆಯ್ಕೆಯು ಮೌಢ್ಯವಾಗಿತ್ತೆ? ಉತ್ತರ ಹೇಳುವುದಕ್ಕೆ ಮೊದಲು ರಕ್ಷಣೆಯ ಸ್ವರೂಪವನ್ನು ತಿಳಿಯಬೇಕು.

ಒಂದೇ ಗಡಿಯಾರ

ರಕ್ಷಣೆಯ ಹನ್ನೊಂದು ಮಂದಿ ಮೂರು ಸಾಲುಗಳಲ್ಲಿ ನಿಲ್ಲುತ್ತಾರೆ. ಮುಂದಿನ ಸಾಲಿನ ದೈತ್ಯರು ಎದುರಾಳಿಯ ಗೋಡೆಯನ್ನು ಭೇದಿಸಿ ಕ್ವಾರ್ಟರ್‌ಬ್ಯಾಕ್‌ನ ಮೇಲೆ ನುಗ್ಗುತ್ತಾರೆ. ಅವನು ಚೆಂಡನ್ನು ಎಸೆಯುವ ಮೊದಲೇ ಕೆಡವಿದರೆ ಅದಕ್ಕೆ ಸ್ಯಾಕ್ ಎಂದು ಹೆಸರು. ನಡುವಿನವರು ಲೈನ್‌ಬ್ಯಾಕರುಗಳು. ಹಿಂದಿನ ಸಾಲಿನವರು ಚೆಂಡನ್ನು ಹಿಡಿಯಲು ಓಡುವ ಎದುರಾಳಿಗಳನ್ನು ನೆರಳಿನಂತೆ ಹಿಂಬಾಲಿಸುತ್ತಾರೆ. ಹ್ಯೂಸ್ಟನ್ ತಂಡವು ಅದುವರೆಗೆ ಮುಂದೆ ಮೂವರನ್ನೂ ನಡುವೆ ನಾಲ್ವರನ್ನೂ ನಿಲ್ಲಿಸುತ್ತಿದ್ದಿತು. 2006ರಲ್ಲಿ ಗ್ಯಾರಿ ಕ್ಯೂಬಿಯಕ್ ಮುಖ್ಯ ಶಿಕ್ಷಕರಾಗಿ ಬಂದ ಮೇಲೆ ಅದು ಮುಂದೆ ನಾಲ್ವರು, ನಡುವೆ ಮೂವರು ಎಂಬ ವ್ಯೂಹಕ್ಕೆ ಬದಲಾಯಿತು. ಈ ವ್ಯೂಹದಲ್ಲಿ ಮುಂದಿನ ಸಾಲಿನ ಎರಡು ಕೊನೆಗಳಲ್ಲಿ ನಿಲ್ಲುವವರೇ ನುಗ್ಗುವ ಕೆಲಸದ ಹೆಚ್ಚಿನ ಭಾರವನ್ನು ಹೊರಬೇಕು.

ಈಗ ಒಂದು ಸಣ್ಣ ಲೆಕ್ಕ. ಚೆಂಡನ್ನು ಕೈಗೆ ತೆಗೆದುಕೊಂಡ ಕ್ವಾರ್ಟರ್‌ಬ್ಯಾಕ್‌ನು ಸಾಮಾನ್ಯವಾಗಿ ಎರಡರಿಂದ ಮೂರು ಸೆಕೆಂಡುಗಳೊಳಗೆ ಅದನ್ನು ಎಸೆಯುತ್ತಾನೆ. ಚೆಂಡನ್ನು ಹಿಡಿಯುವವನು ಓಡುತ್ತ ಓಡುತ್ತ ಥಟ್ಟನೆ ದಿಕ್ಕನ್ನು ಬದಲಾಯಿಸಿದನೆಂದು ಭಾವಿಸೋಣ. ಹಿಂಬಾಲಿಸುವ ರಕ್ಷಕನು ಅದನ್ನು ಕಂಡು ತಿರುಗುವಷ್ಟರಲ್ಲಿ ಇಬ್ಬರ ನಡುವಿನ ಅಂತರವು ಸೆಕೆಂಡಿಗೆ ಒಂದೂವರೆ ಮೀಟರಿನಂತೆ ಬೆಳೆಯುತ್ತದೆಂದು ಇಟ್ಟುಕೊಳ್ಳಿ. ಹಾಗಾದರೆ ಅರ್ಧ ಸೆಕೆಂಡಿನಲ್ಲಿ ಅಂತರವು 0.75 ಮೀಟರಿನಷ್ಟು ಹೆಚ್ಚುತ್ತದೆ. ಇದು ಹೆಚ್ಚು ಕಡಮೆ ಮನುಷ್ಯನ ಒಂದು ತೋಳಿನುದ್ದ. ತೋಳು ಚಾಚಿದಾಗ ಚೆಂಡು ಬೆರಳಿಗೆ ತಗಲುವುದು, ತಗಲದಿರುವುದು ಈ ಅಂತರವನ್ನು ಅವಲಂಬಿಸಿದೆ. ಎಂದಮೇಲೆ ಮುಂದಿನ ಸಾಲಿನವನು ಎಸೆತಗಾರನ ಕಾಲವನ್ನು ಅರ್ಧ ಸೆಕೆಂಡು ಕತ್ತರಿಸಿದರೆ, ಹಿಂದೆ ಇರುವ ಪ್ರತಿಯೊಬ್ಬ ರಕ್ಷಕನಿಗೂ ಒಂದೊಂದು ತೋಳಿನುದ್ದವನ್ನು ದಾನ ಮಾಡಿದಂತಾಯಿತು. ಅವನು ಸ್ಯಾಕ್ ಮಾಡದಿದ್ದರೂ ಈ ಲಾಭವು ಉಂಟು; ಆದರೆ ಅದು ಅವನ ಲೆಕ್ಕಕ್ಕೆ ಜಮೆಯಾಗುವುದಿಲ್ಲ.

ಇದರ ವಿಲೋಮವೂ ನಿಜವಲ್ಲವೆ ಎಂದು ಜಾಣ ವಾಚಕರು ಕೇಳಬಹುದು. ನಿಜವೇ. ಹಿಂದಿನವರು ಇನ್ನರ್ಧ ಸೆಕೆಂಡು ಬಿಗಿಯಾಗಿ ಹಿಂಬಾಲಿಸಿದರೆ ಮುಂದಿನವರಿಗೆ ನುಗ್ಗಲು ಅಷ್ಟೇ ಕಾಲ ದೊರೆಯುತ್ತದೆ. ಎರಡು ಸಾಲುಗಳೂ ಒಂದೇ ಗಡಿಯಾರವನ್ನು ನೋಡಿ ದುಡಿಯುತ್ತವೆ. ಆದರೆ ಒಂದು ವ್ಯತ್ಯಾಸವಿದೆ. ಎಸೆಯುವವನು ಹಿಂದಿನ ಸಾಲಿನಲ್ಲಿ ಯಾರು ದುರ್ಬಲನೆಂದು ಹುಡುಕಿ ಅವನ ಕಡೆಗೇ ಎಸೆಯುತ್ತಾನೆ. ಸರಪಣಿಯ ಬಲವು ಅದರ ಅತ್ಯಂತ ದುರ್ಬಲವಾದ ಕೊಂಡಿಯ ಬಲದಷ್ಟೇ ಆಗಿರುವಂತೆ, ಅಲ್ಲಿ ಮೂವರು ಕಚ್ಚಾ ಆಟಗಾರರ ನಡುವೆ ಒಬ್ಬ ಶ್ರೇಷ್ಠನನ್ನು ನಿಲ್ಲಿಸಿದರೆ ಫಲವು ಸ್ವಲ್ಪ. ಮುಂದಿನ ಸಾಲಿನಲ್ಲಿ ಹಾಗಲ್ಲ. ಒಬ್ಬನು ವೇಗವಾಗಿ ತಲಪಿದರೂ ಗಡಿಯಾರವು ಎಲ್ಲರಿಗೂ ಬೇಗನೆ ನಿಲ್ಲುತ್ತದೆ. ಅವನನ್ನು ತಡೆಯಲು ಎದುರಾಳಿಯು ಇಬ್ಬರನ್ನು ನೇಮಿಸಿದರೆ, ಅವನ ಜೊತೆಗಾರರಿಗೆ ದಾರಿಯು ಸಡಿಲವಾಗುತ್ತದೆ.

ದೈತ್ಯರು ಏಕೆ ಅಪರೂಪ?

ಅಂತಹ ಆಟಗಾರನು ಮುಂದಿನ ಸುತ್ತುಗಳಲ್ಲಿಯೂ ಸಿಗಲಾರನೆ? ಇಲ್ಲಿ ಗೆಲಿಲಿಯೊ ನಮಗೆ ನೆರವಾಗುತ್ತಾನೆ. 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಒಂದು ಸರಳವಾದ ಸತ್ಯವನ್ನು ವಿವರಿಸಿದನು. ವಸ್ತುವಿನ ಎಲ್ಲ ಅಳತೆಗಳನ್ನೂ ಒಂದೇ ಪ್ರಮಾಣದಲ್ಲಿ ಹೆಚ್ಚಿಸಿದರೆ ಅದರ ತೂಕವು ಉದ್ದದ ಘನವನ್ನನುಸರಿಸಿ ಬೆಳೆಯುತ್ತದೆ. ಬಲವು ಅಡ್ಡಕೊಯ್ತದ ವಿಸ್ತೀರ್ಣವನ್ನು, ಎಂದರೆ ಉದ್ದದ ವರ್ಗವನ್ನನುಸರಿಸಿ ಬೆಳೆಯುತ್ತದೆ. ಮನುಷ್ಯನೊಬ್ಬನ ಎಲ್ಲ ಅಳತೆಗಳೂ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ ಸ್ನಾಯುಗಳ ಬಲವು 1.21 ಪಟ್ಟು, ದೇಹದ ದ್ರವ್ಯರಾಶಿಯು 1.33 ಪಟ್ಟು ಆಗುತ್ತದೆ. ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷವು ದೊರೆಯುತ್ತದೆಂದು ನ್ಯೂಟನ್ನನ ಎರಡನೆಯ ನಿಯಮವು ಹೇಳುತ್ತದೆ. ಅದು ಈಗ ಮೊದಲಿಗಿಂತ ನೂರಕ್ಕೆ ಸುಮಾರು ಒಂಬತ್ತರಷ್ಟು ಕಡಮೆ. ದೊಡ್ಡವರು ಸಾಮಾನ್ಯವಾಗಿ ನಿಧಾನವಾಗಿ ವೇಗವನ್ನು ಗಳಿಸುವುದಕ್ಕೆ ಇದೇ ಕಾರಣ. ದೊಡ್ಡವನೂ ಆಗಿ ಚುರುಕಾಗಿಯೂ ಇರುವವನು ಈ ನಿಯಮದೊಡನೆ ಸೆಣಸಿ ಗೆದ್ದವನೇ ಸರಿ.

ವಿಲಿಯಮ್ಸನ ಎತ್ತರ ಆರೂವರೆ ಅಡಿಗೂ ಮೀರಿದ್ದಿತು. ತೂಕ 295 ಪೌಂಡು, ಎಂದರೆ ಸುಮಾರು 134 ಕಿಲೋಗ್ರಾಂ. ಡ್ರಾಫ್ಟಿಗೆ ಮುಂಚಿನ ಪರೀಕ್ಷೆಯಲ್ಲಿ ಅವನು 40 ಗಜಗಳನ್ನು ಸುಮಾರು 4.7 ಸೆಕೆಂಡುಗಳಲ್ಲಿ ಓಡಿದನು. ನಿಶ್ಚಲ ಸ್ಥಿತಿಯಿಂದ ಹೊರಟದ್ದನ್ನೂ ಸೇರಿಸಿ ಸರಾಸರಿ ವೇಗವು ಸೆಕೆಂಡಿಗೆ 7.8 ಮೀಟರ್. ನಿಂತಲ್ಲಿಂದಲೇ ಮೇಲಕ್ಕೆ 40 ಅಂಗುಲಗಳಷ್ಟು ನೆಗೆದನು. ಇಷ್ಟು ನೆಗೆಯಬೇಕಾದರೆ ಪಾದವು ನೆಲವನ್ನು ಬಿಡುವಾಗ ದೇಹಕ್ಕೆ ಸೆಕೆಂಡಿಗೆ ಸುಮಾರು 4.5 ಮೀಟರ್ ವೇಗವಿರಬೇಕೆಂದು ವಿದ್ಯಾರ್ಥಿಗಳು ಚಲನೆಯ ಸಮೀಕರಣದಿಂದ ತಾವೇ ಲೆಕ್ಕಹಾಕಿ ನೋಡಬಹುದು. 134 ಕಿಲೋಗ್ರಾಂ ದೇಹವನ್ನು ಹೀಗೆ ಚಿಮ್ಮಿಸುವ ಕಾಲುಗಳು ವರ್ಷವರ್ಷವೂ ಹುಟ್ಟಿಬರುವುದಿಲ್ಲ. ತಂಡದವರು ಕಂಡದ್ದು ಇದನ್ನೇ.

ಎದುರುವಾದ

ಆದರೂ ಎದುರುವಾದವು ಹಗುರವಾದುದಲ್ಲ. 2005ರಲ್ಲಿ ಹ್ಯೂಸ್ಟನ್ನಿನ ಕ್ವಾರ್ಟರ್‌ಬ್ಯಾಕ್ ಡೇವಿಡ್ ಕಾರ್ 68 ಸಲ ಸ್ಯಾಕ್‌ಗೆ ಗುರಿಯಾಗಿದ್ದನು. ಅವನನ್ನು ಕಾಯುವ ಗೋಡೆಯನ್ನಲ್ಲವೆ ಮೊದಲು ಕಟ್ಟಬೇಕು? ಇನ್ನು ಓಟಗಾರನ ವಿಷಯ. ತಂಡದಲ್ಲಿದ್ದ ಡೊಮಾನಿಕ್ ಡೇವಿಸ್ 2003 ಮತ್ತು 2004ರಲ್ಲಿ ಸಾವಿರ ಗಜಗಳಿಗೂ ಹೆಚ್ಚು ದೂರವನ್ನು ಗಳಿಸಿದ್ದನು. ಆದುದರಿಂದ ಬುಷ್‌ನ ಅಗತ್ಯವು ಕಡಮೆಯೆಂದು ತೋರಿತು. ಆದರೆ ಮೊಣಕಾಲಿನ ಪೆಟ್ಟಿನಿಂದ ಡೇವಿಸನು 2005ರ ನಂತರ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ತುಂಬಿದೆಯೆಂದು ಎಣಿಸಿದ್ದ ಜಾಗವೇ ಬರಿದಾಯಿತು!

ಫಲವು ಮೊದಲ ವರ್ಷ ಟೀಕಾಕಾರರ ಕಡೆಗೇ ವಾಲಿತು. 2006ರಲ್ಲಿ ವಿಲಿಯಮ್ಸನು ಗಳಿಸಿದ ಸ್ಯಾಕ್‌ಗಳು ನಾಲ್ಕೂವರೆ ಮಾತ್ರ. (ಇಬ್ಬರು ಕೂಡಿ ಕೆಡವಿದರೆ ತಲಾ ಅರ್ಧ.) ಮೂರನೆಯ ಸರದಿಯಲ್ಲಿ ವಿನ್ಸ್ ಯಂಗ್‌ನನ್ನು ಪಡೆದ ಟೆನೆಸೀ ಟೈಟನ್ಸ್ ತಂಡವು ಡಿಸೆಂಬರಿನಲ್ಲಿ ಹ್ಯೂಸ್ಟನ್ನಿಗೇ ಬಂದು, ಹೆಚ್ಚುವರಿ ಕಾಲದಲ್ಲಿ ಯಂಗ್‌ನ 39 ಗಜಗಳ ಓಟದಿಂದ ಗೆದ್ದುಕೊಂಡು ಹೋಯಿತು. ತವರೂರಿನವರ ಹೃದಯ ಹೇಗೆ ಉರಿದಿರಬಹುದೆಂಬುದನ್ನು ಊಹಿಸಿಕೊಳ್ಳಬಹುದು. ಆದರೆ 2007ರಲ್ಲಿ ವಿಲಿಯಮ್ಸನು 14 ಸ್ಯಾಕ್‌ಗಳನ್ನೂ 2008ರಲ್ಲಿ 12 ಸ್ಯಾಕ್‌ಗಳನ್ನೂ ಗಳಿಸಿದನು. ಯಂಗ್‌ನ ಆಟವು 2011ಕ್ಕೇ ಮುಗಿಯಿತು; ವಿಲಿಯಮ್ಸನು 2016ರವರೆಗೆ ಆಡಿ ಒಟ್ಟು 97.5 ಸ್ಯಾಕ್‌ಗಳನ್ನು ಮಾಡಿದನು. ಅಂದು ಕೂಗಾಡಿದವರಲ್ಲಿ ಅನೇಕರು ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು.

ಅಳತೆಯ ಮಿತಿ

ಇಷ್ಟರಿಂದ ಆಡಳಿತಗಾರರು ಸರ್ವಜ್ಞರೆಂದು ತೀರ್ಮಾನಿಸಬಾರದು. ಅದೇ 2006ರಲ್ಲಿ ಹ್ಯೂಸ್ಟನ್ ತಂಡವು ಎರಡನೆಯ ಸುತ್ತಿನಲ್ಲಿ, 33ನೆಯ ಆಯ್ಕೆಯಾಗಿ, ಡಿಮೆಕೊ ರೈಯನ್ಸ್ ಎಂಬ ಲೈನ್‌ಬ್ಯಾಕರನ್ನು ಆರಿಸಿತು. ಆ ವರ್ಷದ ಅತ್ಯುತ್ತಮ ಹೊಸ ರಕ್ಷಕನೆಂಬ ಪ್ರಶಸ್ತಿಯು ದೊರೆತದ್ದು ಮೊದಲನೆಯವನಿಗಲ್ಲ, ಈ 33ನೆಯವನಿಗೆ. ಮೂರನೆಯ ಸುತ್ತಿನಲ್ಲಿ ಕ್ವಾರ್ಟರ್‌ಬ್ಯಾಕ್‌ನ ಗೋಡೆಗೆಂದು 65 ಮತ್ತು 66ನೆಯ ಆಯ್ಕೆಗಳಾಗಿ ಇಬ್ಬರನ್ನು ಒಬ್ಬರ ಹಿಂದೊಬ್ಬರಂತೆ ತೆಗೆದುಕೊಂಡರು. ಮೊದಲನೆಯವನು ಎರಡನೆಯ ಪಂದ್ಯದಲ್ಲಿಯೇ ಕಾಲು ಮುರಿದುಕೊಂಡನು. ಎರಡನೆಯವನಾದ ಎರಿಕ್ ವಿನ್‌ಸ್ಟನ್ ಹಲವು ವರ್ಷ ಆ ಗೋಡೆಯಲ್ಲಿ ನಿಂತನು. 1936ರ ಮೊತ್ತಮೊದಲ ಡ್ರಾಫ್ಟಿನಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಜೇ ಬರ್ವಾಂಗರನಂತೂ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ಈ ಅನಿಶ್ಚಯವನ್ನು ಅಳೆದು ನೋಡಿದವರು ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಎಂಬ ವಿದ್ವಾಂಸರು. ಥೇಲರರು 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರವನ್ನು ಪಡೆದವರು. 2013ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ ಒಂದು ಅಚ್ಚರಿಯ ಸಂಖ್ಯೆಯಿದೆ. ಒಂದೇ ಸ್ಥಾನದಲ್ಲಿ ಆಡುವ ಆಟಗಾರರಲ್ಲಿ, ಡ್ರಾಫ್ಟಿನ ಕ್ರಮದಲ್ಲಿ ಒಬ್ಬನ ಹಿಂದೆಯೇ ಆಯ್ಕೆಯಾದ ಇನ್ನೊಬ್ಬನನ್ನು ಹೋಲಿಸಿದಾಗ, ಮೊದಲು ಆಯ್ಕೆಯಾದವನು ಹೆಚ್ಚು ಚೆನ್ನಾಗಿ ಆಡುವ ಸಂಭವವು ನೂರಕ್ಕೆ ಸುಮಾರು 52. ನಾಣ್ಯವನ್ನು ಚಿಮ್ಮಿದರೆ ಸಿಗುವುದು 50! ಆದುದರಿಂದ ಒಬ್ಬನೇ ಆಟಗಾರನಿಗಾಗಿ ಹಲವು ಸರದಿಗಳನ್ನು ತೆತ್ತು ಮೇಲಕ್ಕೆ ಏರುವುದಕ್ಕಿಂತ, ಮೇಲಿನ ಸರದಿಯನ್ನು ಬಿಟ್ಟುಕೊಟ್ಟು ಹಲವು ಸರದಿಗಳನ್ನು ಗಳಿಸುವುದು ಸರಾಸರಿಯಲ್ಲಿ ಲಾಭದಾಯಕವೆಂಬುದು ಅವರ ನಿರ್ಣಯ.

ಇದಕ್ಕೆ ಸೇರಿಸಿ ನೋಡಬೇಕಾದ ಸಂಗತಿಯೊಂದು ಹ್ಯೂಸ್ಟನ್ನಿನಲ್ಲಿಯೇ ನಡೆಯಿತು. 2023ರಲ್ಲಿ ಅದೇ ರೈಯನ್ಸ್ ಆ ತಂಡದ ಮುಖ್ಯ ಶಿಕ್ಷಕರಾಗಿ ಬಂದರು. ಹಿಂದಿನ ವರ್ಷ ತಂಡವು ಗೆದ್ದದ್ದು ಮೂರೇ ಪಂದ್ಯಗಳನ್ನು. ಆ ಏಪ್ರಿಲಿನಲ್ಲಿ ಅವರು ಎರಡನೆಯ ಆಯ್ಕೆಯಾಗಿ ಸಿ. ಜೆ. ಸ್ಟ್ರೌಡ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು ತೆಗೆದುಕೊಂಡರು. ಕೂಡಲೆ ಅರಿಜೋನ ತಂಡಕ್ಕೆ 12ನೆಯ ಮತ್ತು 33ನೆಯ ಸರದಿಗಳನ್ನೂ, ಮರುವರ್ಷದ ಮೊದಲ ಹಾಗೂ ಮೂರನೆಯ ಸುತ್ತಿನ ಸರದಿಗಳನ್ನೂ ಕೊಟ್ಟು, ಮೂರನೆಯ ಸರದಿಯನ್ನೂ 105ನೆಯದನ್ನೂ ಪಡೆದರು. ಆ ಮೂರನೆಯ ಸರದಿಯಲ್ಲಿ ಆರಿಸಿದ್ದು ವಿಲ್ ಆ್ಯಂಡರ್ಸನ್ ಎಂಬ ರಕ್ಷಕನನ್ನು. ವಿಲಿಯಮ್ಸನಂತೆಯೇ ಮುಂದಿನ ಸಾಲಿನ ಕೊನೆಯಲ್ಲಿ ನುಗ್ಗುವವನು. ತಾವೇ ಆಯ್ಕೆಯಾಗಿದ್ದ 33ನೆಯ ಸಂಖ್ಯೆಯನ್ನು ರೈಯನ್ಸರ ತಂಡವು ಹೀಗೆ ತೆತ್ತಿತು! ಸರಾಸರಿಯ ಉಪದೇಶಕ್ಕೆ ಇದು ವಿರುದ್ಧ. ಆದರೂ ಆ ವರ್ಷ ದಾಳಿಯ ಹೊಸಬರ ಪ್ರಶಸ್ತಿಯು ಸ್ಟ್ರೌಡ್‌ನಿಗೂ ರಕ್ಷಣೆಯ ಹೊಸಬರ ಪ್ರಶಸ್ತಿಯು ಆ್ಯಂಡರ್ಸನನಿಗೂ ಸಂದವು. ತಂಡವು 10 ಪಂದ್ಯಗಳನ್ನು ಗೆದ್ದಿತು.

ಹಾಗಾದರೆ ವಿದ್ವಾಂಸರ ಲೆಕ್ಕವು ಸುಳ್ಳಾಯಿತೆ? ಇಲ್ಲ. ಸಂಭವನೀಯತೆಯು ಬಹು ಸಂದರ್ಭಗಳನ್ನು ಕುರಿತು ಮಾತನಾಡುತ್ತದೆ. ಒಂದು ಗೆಲುವು ಅದನ್ನು ಅಳಿಸುವುದಿಲ್ಲ, ಒಂದು ಸೋಲು ಅದನ್ನು ಸ್ಥಾಪಿಸುವುದಿಲ್ಲ. ಆಯ್ಕೆಯನ್ನು ತೂಗಬೇಕಾದದ್ದು ಮುಂದೆ ಬಂದ ಫಲದಿಂದ ಮಾತ್ರವಲ್ಲ, ಆ ದಿನ ಕೈಯಲ್ಲಿದ್ದ ತಿಳಿವಳಿಕೆಯಿಂದ. ಎಲ್ಲಿ ತೂತು ದೊಡ್ಡದಾಗಿದೆಯೆಂದು ಕೇಳಿದರೆ ಸಾಲದು. ಯಾವ ತೂತನ್ನು ಮುಚ್ಚಿದರೆ ಉಳಿದ ತೂತುಗಳಲ್ಲಿಯೂ ಸೋರುವುದು ಕಡಮೆಯಾಗುತ್ತದೆ? ಯಾವ ಗುಣವು ನಾಳೆ ಬೇರೆಡೆ ದೊರೆಯಲಾರದು? ನಮ್ಮ ಅಳತೆಯಲ್ಲಿ ತಪ್ಪಿಗೆ ಎಷ್ಟು ಎಡೆಯಿದೆ? 2006ರಲ್ಲಿ ಈ ಮೂರು ಪ್ರಶ್ನೆಗಳನ್ನೂ ಕೇಳಿಕೊಂಡವರಿಗೆ ವಿಲಿಯಮ್ಸನ ಆಯ್ಕೆಯು, ಅವನ ಮೊದಲ ವರ್ಷದ ನಾಲ್ಕೂವರೆ ಸ್ಯಾಕ್‌ಗಳನ್ನು ಕಂಡ ಮೇಲೆಯೂ, ಮೌಢ್ಯವೆಂದು ತೋರಬೇಕಾಗಿರಲಿಲ್ಲ.